ವಾರಿಜಕ್ಕನ ಜ್ವರ

ಇವತ್ತು ಬೆಳಿಗ್ಗೆ ಹಣೆಗೆ, ಮೂಗಿನ ಎರಡೂ ಬದಿಗೆ ಮುಲಾಮು ತಿಕ್ಕಿಕೊಂಡು ಹೊದ್ದು ಮಲಗಿದೆ. ತಲೆನೋವು ಇರಲಿಲ್ಲ, ನೆಗಡಿಯೂ ಇರಲಿಲ್ಲ. ಯಾಕೆ ಹಚ್ಚಿಕೊಂಡೆ ಎನ್ನುವುದನ್ನು ಕೊನೆಗೆ ಹೇಳುತ್ತೇನೆ. ಆ ಖಾರದ ವಾಸನೆ ಮೂಗಿಗೆ ಏರುತ್ತಿದ್ದ ಹಾಗೆ ಏಳು ಮಳೆಗಾಲದ ಹಿಂದಿನ, ಮುಂಬಯಿಯ ಸಯನ್ನಿನ ಒಂದು ಕೋಣೆ ಕಣ್ಣೆದುರು ಬಂತು. ಅಲ್ಲಿ ವಾರಿಜಕ್ಕ ಹೀಗೆಯೇ ಮುಲಾಮು ಹಚ್ಚಿಕೊಂಡು, ಕತ್ತಿನ ತನಕ ಚಾದರ ಎಳೆದುಕೊಂಡು ಮಲಗಿದ್ದರು. ನಾನು ಮಂಚದ ಪಕ್ಕದಲ್ಲಿ ಸೂಜಿ ಹಿಡಿದು ನಿಂತಿದ್ದೆ.

ನಾನು ರಕ್ತ ತೆಗೆಯುವವಳು. ಪರೇಲಿನ ಒಂದು ಲ್ಯಾಬಿನಲ್ಲಿ ಕೆಲಸ. ಬೆಳಿಗ್ಗೆ ಮನೆಮನೆಗೆ ಹೋಗಿ ಸ್ಯಾಂಪಲ್ ತರುವುದು, ಮಧ್ಯಾಹ್ನ ಕೂತು ಅದನ್ನು ಪರೀಕ್ಷೆ ಮಾಡುವುದು. ಈ ಕೆಲಸಕ್ಕೆ ಬಿದ್ದವರಿಗೆ ಯಾರ ಮಾತಿನ ಮೇಲೂ ನಂಬಿಕೆ ಉಳಿಯುವುದಿಲ್ಲ. ಖಾಲಿ ಹೊಟ್ಟೆಯಲ್ಲಿದ್ದೇನೆ ಎಂದು ಆಣೆ ಮಾಡುವವರ ಬಾಯಿಂದ ಚಹಾದ ವಾಸನೆ ಬರುತ್ತದೆ. ಸಿಹಿ ಮುಟ್ಟಿ ವರ್ಷವಾಯಿತು ಎನ್ನುವವರ ರಕ್ತ ಬೇರೆಯೇ ಕಥೆ ಹೇಳುತ್ತದೆ. ಹಾಗಂತ ಎಲ್ಲವನ್ನೂ ಕೆಲಸದ ತಲೆಗೆ ಕಟ್ಟುವುದೂ ಸರಿಯಲ್ಲ. ನಾನು ಚಿಕ್ಕವಳಿದ್ದಾಗ ಅವ್ವ ಪೇಡೆ ಕೊಟ್ಟರೂ ಎರಡು ಸಲ ಮೂಸಿ ನೋಡಿಯೇ ತಿನ್ನುತ್ತಿದ್ದೆನಂತೆ.

ಆ ವರ್ಷ ಜನವರಿಯಲ್ಲಿ ನಮ್ಮ ಬಿಲ್ಡಿಂಗಿನ ಒಬ್ಬರು ನನ್ನನ್ನು ಸಯನ್ನಿನ ಕನ್ನಡ ನಾಟಕದ ತಂಡಕ್ಕೆ ಕರೆದುಕೊಂಡು ಹೋದರು. ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಬ್ಯಾಂಕಿನವರು, ಒಬ್ಬ ಟೇಲರ್, ಹೀಗೆ ಹನ್ನೆರಡು ಜನ ವಾರಕ್ಕೆ ಮೂರು ಸಂಜೆ ಒಂದು ಶಾಲೆಯ ಹಾಲ್‌ನಲ್ಲಿ ಸೇರುತ್ತಿದ್ದರು. ಅವರಿಗೆಲ್ಲ ಸಂಜೀವ ಮಾಸ್ತರ್ ಹಿರಿಯರು. ಅವರು ಶಾಲೆಯ ಮಾಸ್ತರಲ್ಲ, ಪ್ರಾಯದಲ್ಲಿ ಪರೇಲಿನ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ನಾಟಕ ಕಲಿಸುವುದರಿಂದ ಮಾಸ್ತರ್ ಎಂಬ ಹೆಸರು ಅಂಟಿಕೊಂಡಿತ್ತು. ಮುಖ್ಯ ಪಾತ್ರ ಯಾವುದಿದ್ದರೂ ಅದಕ್ಕೊಬ್ಬ ಬದಲಿ ಇರಲೇಬೇಕು ಎನ್ನುವುದು ಅವರ ಕಟ್ಟುನಿಟ್ಟು. ಮುಂಬಯಿಯಲ್ಲಿ ಅದು ಬೇಕು ಕೂಡ. ಮಳೆ ಜೋರಾದರೆ ಲೋಕಲ್ ನಿಲ್ಲುತ್ತದೆ, ಹೋಟೆಲಿನವರಿಗೆ ಕೊನೆಯ ಗಳಿಗೆಯಲ್ಲಿ ರಜೆ ರದ್ದಾಗುತ್ತದೆ.

ನನ್ನನ್ನು ವಾರಿಜಕ್ಕನಿಗೆ ಬದಲಿ ಮಾಡಿದರು. ಬದಲಿ ಎಂದರೆ ಅವರ ಮಾತೆಲ್ಲ ಬಾಯಿಪಾಠ ಮಾಡಬೇಕು, ವಾರಕ್ಕೊಮ್ಮೆ ಪೂರ್ತಿ ನಾಟಕವನ್ನು ಅವರ ಜಾಗದಲ್ಲಿ ನಿಂತು ಆಡಬೇಕು. ಪ್ರಯೋಗದ ದಿನ ಮಾತ್ರ ಪಕ್ಕದ ಪರದೆಯ ಹಿಂದೆ ಸ್ಕ್ರಿಪ್ಟ್ ಹಿಡಿದು ನಿಂತು, ಅವರು ಮರೆತರೆ ಮಾತು ಎತ್ತಿಕೊಡಬೇಕು. ಬದಲಿಯ ಕಷ್ಟ ಏನೆಂದರೆ ಅವಳು ಏನು ಬಯಸಿದರೂ ತಪ್ಪೇ. ಪಾತ್ರ ಸಿಗಲಿ ಎಂದರೆ ಇನ್ನೊಬ್ಬರ ಕಾಲು ಮುರಿಯಲಿ ಎಂದ ಹಾಗೆ. ಸಿಗದಿದ್ದರೂ ಪರವಾಗಿಲ್ಲ ಎಂದರೆ ಆರು ತಿಂಗಳು ಕಲಿತದ್ದೆಲ್ಲ ಹೊಟ್ಟೆಯಲ್ಲೇ ಉಳಿಯುತ್ತದೆ. ನನಗೆ ಆ ಪಾತ್ರ ಬೇಕಿತ್ತು. ಲೋಕಲ್‌ನಲ್ಲಿ ನಿಂತುಕೊಂಡು ತುಟಿ ಅಲ್ಲಾಡಿಸುತ್ತ ಹೇಳಿಕೊಳ್ಳುವಷ್ಟು ಬೇಕಿತ್ತು. ಸ್ಟೇಜಿನ ಭಯವೂ ಅಷ್ಟೇ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ.

ನಾಟಕದಲ್ಲಿ ಭಾಗೀರತಿ ಎಂಬ ಮುದುಕಿ. ಸಾಲುಕೋಣೆಗಳ ಹಳೆಯ ಚಾಳು ಕೆಡವಿ ದೊಡ್ಡ ಬಿಲ್ಡಿಂಗ್ ಕಟ್ಟಲು ಬಂದವರಿಗೆ ಕೋಣೆಯ ಕೀಲಿ ಕೊಡದೆ ಹಟ ಹಿಡಿದು ಕೂರುತ್ತಾಳೆ. ವಾರಿಜಕ್ಕ ಉಡುಪಿ ಕಡೆಯವರು, ಗಂಡ ಸಯನ್ನಿನ ಹೋಟೆಲೊಂದರಲ್ಲಿ ಮ್ಯಾನೇಜರ್, ವಯಸ್ಸು ಐವತ್ತೆರಡು. ಇಪ್ಪತ್ತು ವರ್ಷದಿಂದ ತಂಡದಲ್ಲಿದ್ದು ಒಂದು ಸಲವೂ ಮಾತು ಮರೆತವರಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅಂಥವರ ಹಿಂದೆ ಸ್ಕ್ರಿಪ್ಟ್ ಹಿಡಿದು ನಿಲ್ಲುವುದೆಂದರೆ ಬಿಸಿಲಲ್ಲಿ ಕೊಡೆ ಹಿಡಿದು ನಿಂತ ಹಾಗೆ.

ಮೊದಲ ದಿನದಿಂದಲೇ ನನಗೆ ಅವರ ಮೇಲೆ ಕಣ್ಣು. ಅವರಿಗೂ ನನ್ನ ಮೇಲೆ ಕಣ್ಣಿತ್ತು ಎಂದು ನನ್ನ ಲೆಕ್ಕ. ನಾನು ಆಡುವಾಗ ಮೂಲೆಯ ಬೆಂಚಿನಲ್ಲಿ ಕೂತು ರೆಪ್ಪೆ ಬಡಿಯದೆ ನೋಡುತ್ತಿದ್ದರು. ಆಮೇಲೆ ಒಳ್ಳೆಯದು ಕೆಟ್ಟದ್ದು ಏನೂ ಹೇಳದೆ ಬೇರೆ ಬೇರೆ ಪ್ರಶ್ನೆ ಕೇಳುತ್ತಿದ್ದರು. ನನ್ನ ಅವ್ವ ಎಲ್ಲಿ ಕೆಲಸ ಮಾಡುತ್ತಾಳೆ, ಎಷ್ಟು ಹೊತ್ತಿಗೆ ಬಿಡುವು, ನಾಟಕ ನೋಡಿದ್ದಾಳಾ. ನಾನು ಹೇಳಿದೆ: ವಿಜಯಪುರದ ಕಡೆಯಿಂದ ಬಂದವರು ನಾವು, ಅವ್ವ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ನಸುಕಿನಿಂದ ಕೊತ್ತಂಬರಿ, ಮೆಂತ್ಯೆ ಆರಿಸಿ ಕಟ್ಟು ಕಟ್ಟುತ್ತಾಳೆ, ಎರಡು ಗಂಟೆಗೆ ಬಿಡುವು, ಸಂಜೆ ಅಷ್ಟು ದೂರ ಬರಲು ಕಾಲು ನೋವು. ಹೇಳಿದ ಮೇಲೆ ಯಾಕೆ ಹೇಳಿದೆನೋ ಎನಿಸಿತು. ನಮ್ಮವರು ಸೊಪ್ಪು ಕಟ್ಟುವವರು ಎಂದು ತಿಳಿದು ಇವರಿಗೇನು ಆಗಬೇಕು?

ಜೂನ್‌ನಲ್ಲಿ ಸಯನ್ನಿನಲ್ಲಿ ಮೊದಲ ಪ್ರಯೋಗ ಚೆನ್ನಾಗಿ ಆಯಿತು. ಪರದೆಯ ಹಿಂದೆ ನಿಂತ ನನಗೆ ಬಾಯಿ ತೆರೆಯುವ ಕೆಲಸವೇ ಬೀಳಲಿಲ್ಲ. ಅದಾಗಿ ಒಂದು ವಾರಕ್ಕೆ ವಾರಿಜಕ್ಕ ಒಂದು ಪೊಟ್ಟಣ ಕೈಗಿಟ್ಟು ಹಾಕಿ ನೋಡು ಎಂದರು. ಭಾಗೀರತಿಯ ರವಿಕೆ. ಎರಡೂ ಬದಿಗೆ ಹೊಲಿಗೆ ಹಾಕಿ ನನ್ನ ಅಳತೆಗೆ ತಂದಿದ್ದರು. ಮನೆಗೆ ಬಂದು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಬಿಚ್ಚಿದರೆ ಮತ್ತೆ ಅವರ ಅಳತೆಗೆ ಬರುವ ಹಾಗೆ ಕಚ್ಚಾ ಹೊಲಿಗೆ. ಕೊಟ್ಟಂತೆಯೂ ಆಗಬೇಕು, ಕೊಡದಂತೆಯೂ ಇರಬೇಕು ಅಂತಲೋ ಎಂದುಕೊಂಡೆ.

ಎರಡನೆಯ ಪ್ರಯೋಗ ಜುಲೈನಲ್ಲಿ, ಬೈಕುಲ್ಲಾದಲ್ಲಿ, ಭಾನುವಾರ ಸಂಜೆ ನಾಲ್ಕೂವರೆಗೆ. ಆ ಹಾಲ್ ಎಂದರೆ ತಂಡದವರೆಲ್ಲ ಮುಖ ಹಿಂಡುತ್ತಿದ್ದರು. ಮಾಡಿಗೆ ತಗಡು, ಮಳೆ ಬಂದರೆ ಮಾತು ಕೇಳುವುದಿಲ್ಲ. ಇರುವ ಎರಡು ಮೈಕಿನಲ್ಲಿ ಒಂದು ಕೆಟ್ಟಿರುತ್ತದೆ. ಮೂರನೆಯದು ಆಗಸ್ಟಿನಲ್ಲಿ, ದೊಡ್ಡ ಥಿಯೇಟರಿನಲ್ಲಿ, ಸ್ಪರ್ಧೆಗೆ. ಬೈಕುಲ್ಲಾದ ದಿನ ಬೆಳಿಗ್ಗೆ ಏಳೂವರೆಗೆ ತಂಡದ ವಾಟ್ಸಾಪ್ ಗ್ರೂಪಿನಲ್ಲಿ ವಾರಿಜಕ್ಕನ ಮೆಸೇಜು ಬಂತು. ರಾತ್ರಿಯಿಂದ ಜ್ವರ, ಏಳಲು ಆಗುವುದಿಲ್ಲ, ಇವತ್ತು ರೇಣುಕಾ ಮಾಡಲಿ.

ಆರು ತಿಂಗಳು ಕಾದದ್ದು ಬಂದಿತ್ತು. ಆದರೆ ಖುಷಿಗಿಂತ ಮೊದಲು ಮನಸ್ಸಿಗೆ ಬಂದದ್ದು ಬೇರೆ. ಮೊನ್ನೆ ಮೊನ್ನೆಯ ತನಕ ಗಟ್ಟಿಯಾಗಿದ್ದವರಿಗೆ ಸರಿಯಾಗಿ ಬೈಕುಲ್ಲಾದ ದಿನವೇ ಯಾಕೆ ಬಂತು? ತಗಡಿನ ಹಾಲ್ ನನಗೆ, ಥಿಯೇಟರು ಅವರಿಗೆ. ನಾನು ಅಲ್ಲಿ ಎಡವಿದರೆ ಬದಲಿಯ ಸುದ್ದಿಯನ್ನು ಮತ್ತೆ ಯಾರೂ ಎತ್ತುವುದಿಲ್ಲ. ಈಗ ನೋಡಿದರೆ ಸ್ಪಷ್ಟವಾಗಿ ಕಾಣುತ್ತದೆ, ನಾನು ಹೆದರಿದ್ದೆ. ಹೆದರಿದೆ ಎಂದು ಒಪ್ಪಿಕೊಳ್ಳುವುದಕ್ಕಿಂತ ಅವರ ಮೇಲೆ ಸಂಶಯ ಪಡುವುದು ನನಗೆ ಸುಲಭವಾಗಿತ್ತು. ಮಳೆಗಾಲದ ಜ್ವರ, ಮಲೇರಿಯಾ ಇದ್ದೀತು, ರಕ್ತ ನೋಡಿಬಿಡೋಣ ಎಂದು ನನಗೆ ನಾನೇ ಹೇಳಿಕೊಂಡು ಕಿಟ್ ಹೆಗಲಿಗೇರಿಸಿ ಹೊರಟೆ.

ವಾರಿಜಕ್ಕನ ಗಂಡ ಹೋಟೆಲಿಗೆ ಹೋಗಿದ್ದರು. ಬೆಲ್ ಒತ್ತಿ ತುಂಬ ಹೊತ್ತಾದ ಮೇಲೆ ವಾರಿಜಕ್ಕನೇ ಬಾಗಿಲು ತೆರೆದು, ನನ್ನನ್ನು ನೋಡಿ ಗಾಬರಿಯಾಗಿ ಮತ್ತೆ ಹೋಗಿ ಮಲಗಿದರು. ಕೋಣೆ ತುಂಬ ಮುಲಾಮಿನ ವಾಸನೆ. ಜ್ವರ ಬಂದವರ ಕೋಣೆಗೆ ಇರುವ ಬೆವರಿನ ವಾಸನೆ ಇರಲಿಲ್ಲ. ಥರ್ಮಾಮೀಟರ್ ಇಟ್ಟೆ, ತೊಂಬತ್ತೆಂಟು ಪಾಯಿಂಟ್ ನಾಲ್ಕು. ಈಗಷ್ಟೇ ಮಾತ್ರೆ ತಗೊಂಡೆ, ಇಳಿದಿರಬೇಕು ಎಂದರು. ಮಾತ್ರೆಯ ಪಟ್ಟಿ ಎಲ್ಲಿ ಎಂದು ಕಣ್ಣಲ್ಲೇ ಹುಡುಕಿದೆ, ಕಾಣಲಿಲ್ಲ. ಕಂಡದ್ದು ಬಾಲ್ಕನಿಯ ಹಗ್ಗದ ಮೇಲಿನ ನೀಲಿ ಸೀರೆ. ನೀರು ತೊಟ್ಟಿಕ್ಕುತ್ತಿತ್ತು, ಅಂಚಿನಲ್ಲಿ ಮೊಣಕಾಲೆತ್ತರಕ್ಕೆ ಕೆಸರಿನ ಗುರುತಿತ್ತು. ಒಗೆದ ಸೀರೆಯಲ್ಲ, ಮಳೆಯಲ್ಲಿ ನಡೆದು ಬಂದ ಸೀರೆ. ಏಳಲು ಆಗದವರು ಈ ಬೆಳಿಗ್ಗೆ ಎಲ್ಲಿಗೋ ಹೋಗಿ ಬಂದಿದ್ದರು.

ರಕ್ತ ತೆಗೆಯಬೇಕು ಎಂದೆ. ಬೇಡ ಎನ್ನುತ್ತಾರೆ, ಸಿಕ್ಕಿಬೀಳುತ್ತಾರೆ ಎಂದು ಕಾಯುತ್ತಿದ್ದೆ. ಅವರು ಚಾದರದೊಳಗಿಂದ ಕೈ ಹೊರಗೆ ಚಾಚಿದರು.

"ತೆಗಿ ಮಾರಾಯ್ತಿ. ನಿನಗೆ ಅದರಿಂದ ಸಮಾಧಾನ ಆಗುವುದಾದರೆ ತೆಗಿ. ಆದರೆ ಮೂರು ಗಂಟೆಯ ಒಳಗೆ ಹಾಲ್‌ಗೆ ಮುಟ್ಟಬೇಕು ನೀನು."

ಅವರದು ಸಣ್ಣ ನರ, ಎರಡು ಸಲ ಚುಚ್ಚಬೇಕಾಯಿತು. ಅವರು ಗೋಡೆಯ ಕಡೆ ಮುಖ ಮಾಡಿಕೊಂಡರು.

ಲ್ಯಾಬಿನಲ್ಲಿ ನಮಗೆ ಮೊದಲ ದಿನವೇ ಕಲಿಸುವ ಪಾಠ ಒಂದಿದೆ: ರೋಗಿಯ ರಿಪೋರ್ಟು ರೋಗಿಗೆ ಮಾತ್ರ. ನಾನು ಅದನ್ನು ಮುರಿದೆ. ಮಧ್ಯಾಹ್ನ ಒಂದು ಗಂಟೆಗೆ ಗ್ರೂಪಿನಲ್ಲಿ ಬರೆದೆ. ವಾರಿಜಕ್ಕನಿಗೆ ಮಲೇರಿಯಾ ಇಲ್ಲ, ಡೆಂಗಿ ಇಲ್ಲ, ರಕ್ತದ ಕಣಗಳೆಲ್ಲ ಸರಿಯಾಗಿವೆ, ಮೈ ಬಿಸಿಯೂ ಇಲ್ಲ, ಬೆಳಿಗ್ಗೆ ಮಳೆಯಲ್ಲಿ ಹೊರಗೆ ಹೋಗಿ ಬಂದಿದ್ದಾರೆ. ಕಾರಣ ಏನೆಂದು ಅವರೇ ಹೇಳಲಿ. ಎಲ್ಲರೂ ಓದಿದ್ದಾರೆ ಎಂಬ ನೀಲಿ ಗುರುತು ಮಾತ್ರ ಬಂತು. ಕೊನೆಗೆ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ, ತಂಡದ ಕಾರ್ಯದರ್ಶಿ ಪ್ರಭಾಕರಣ್ಣ, ಆರೋಗ್ಯ ಸರಿಯಿದ್ದ ಮೇಲೆ ಮುಖ್ಯ ಪಾತ್ರದವರೇ ಬರುವುದು ನ್ಯಾಯ ಎಂದು ಬರೆದರು. ವಾರಿಜಕ್ಕನ ಉತ್ತರ ಎರಡೇ ಮಾತು. "ಜ್ವರ ಇಳಿದಿದೆ. ಬರ್ತೇನೆ."

ಗೆದ್ದೆ ಎಂದುಕೊಂಡೆ. ಬೈಕುಲ್ಲಾದ ಸ್ಟೇಷನ್ ಇಳಿದು ಹಾಲ್ ಕಡೆ ನಡೆಯುವಾಗಲೇ, ಗೆದ್ದು ಕಳೆದುಕೊಂಡದ್ದು ನನ್ನದೇ ಪಾತ್ರ ಎಂದು ತಲೆಗೆ ಹೊಳೆದದ್ದು. ಗ್ರೀನ್‌ರೂಮಿನಲ್ಲಿ ವಾರಿಜಕ್ಕ ಮೂಲೆಯಲ್ಲಿ ಕೂತು ರವಿಕೆಯ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದರು. ನಾನೇ ಅದನ್ನು ಚೀಲದಲ್ಲಿ ತಂದು ಕೊಟ್ಟಿದ್ದೆ. ಮೊಣಕೈ ಒಳಬದಿಯಲ್ಲಿ ನಾನು ಚುಚ್ಚಿದಲ್ಲಿ ನೀಲಿಗಟ್ಟಿತ್ತು. ಮಾಸ್ತರ್ ನನ್ನನ್ನು ಒಮ್ಮೆ ನೋಡಿ ಮುಖ ತಿರುಗಿಸಿದರು. ಸ್ಕ್ರಿಪ್ಟ್ ಹಿಡಿದು ಎಡಗಡೆಯ ಪರದೆಯ ಹಿಂದೆ, ಇದ್ದದ್ದರಲ್ಲಿ ಕೆಡದ ಮೈಕಿನ ಪಕ್ಕ ನಿಂತೆ.

ಎರಡನೆಯ ಅಂಕದ ಹೊತ್ತಿಗೆ ತಗಡಿನ ಮೇಲೆ ಮಳೆ ಶುರುವಾಯಿತು. ಭಾಗೀರತಿ ಬಾಗಿಲ ಬಳಿ ನಿಂತು ಕೀಲಿ ಕೇಳಲು ಬಂದವರಿಗೆ ಉತ್ತರ ಕೊಡುವ ಜಾಗ ಅದು, ಇಡೀ ನಾಟಕದ ಜೀವ ಅಲ್ಲಿದೆ. ವಾರಿಜಕ್ಕ ಬಾಗಿಲ ಹತ್ತಿರ ಬಂದರು, ಸಭೆಯ ಕಡೆ ಒಮ್ಮೆ ನೋಡಿದರು, ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು.

ನಾನು ಮೊದಲ ಮಾತು ಎತ್ತಿಕೊಟ್ಟೆ. ಅವರು ಅಲ್ಲಾಡಲಿಲ್ಲ. ಮತ್ತೆ ಸ್ವಲ್ಪ ಜೋರಾಗಿ ಹೇಳಿದೆ. ಕೇಳದವರ ಹಾಗೆ ನಿಂತರು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಮರೆತಿರುವುದು ಸುಳ್ಳು, ಇಪ್ಪತ್ತು ವರ್ಷದಲ್ಲಿ ಮರೆಯದವರು ಇವತ್ತು ಮರೆಯುತ್ತಾರಾ, ಬದಲಿ ಸರಿಯಾಗಿ ಮಾತು ಕೊಡಲಿಲ್ಲ ಎಂದು ನನ್ನ ತಲೆಗೆ ಕಟ್ಟುತ್ತಾರೆ ಎಂದು ನನಗೆ ಸಿಟ್ಟು ನೆತ್ತಿಗೇರಿತು. ಅವರು ಸಭೆಗೆ ಬೆನ್ನು ತಿರುಗಿಸಿ, ಬಾಗಿಲಿಗೆ ಹಣೆ ಹಚ್ಚಿ, ಪಕ್ಕಕ್ಕೆ ಕತ್ತು ಹೊರಳಿಸಿ ನೇರ ನನ್ನ ಕಣ್ಣು ನೋಡಿದರು. ಗದ್ದ ಎತ್ತಿ, ಹೇಳು ಎಂಬಂತೆ ಸನ್ನೆ ಮಾಡಿದರು. ಆ ಸಿಟ್ಟಿನಲ್ಲಿ, ಆ ಮಳೆಯ ಸದ್ದಿಗೆ ಎದುರಾಗಿ ನಾನು ಗಂಟಲು ಬಿಟ್ಟು ಹೇಳಿದೆ.

"ಈ ಹೊಸ್ತಿಲಿಗೆ ನಲವತ್ತು ವರ್ಷ ರಂಗೋಲಿ ಹಾಕಿದ್ದೇನೆ. ಮೂವತ್ತನೇ ಮಾಳಿಗೆಯಲ್ಲಿ ಮನೆ ಕೊಡುತ್ತೀರಿ, ಕಿಟಕಿ ಕೊಡುತ್ತೀರಿ, ಲಿಫ್ಟು ಕೊಡುತ್ತೀರಿ. ನನಗೊಂದು ಹೊಸ್ತಿಲು ಕೊಡುತ್ತೀರಾ?"

ಅಲ್ಲಿಗೆ ಅವರು ಎತ್ತಿಕೊಳ್ಳಬೇಕಿತ್ತು, ಎತ್ತಿಕೊಳ್ಳಲಿಲ್ಲ. ನಾನೇ ಮುಂದುವರಿಸಬೇಕಾಯಿತು. ಪೂರ್ತಿ ಒಂದು ಪುಟದ ಮಾತನ್ನು ಕೊನೆಯ ತನಕ ಹೇಳಿದೆ. ಅವರು ಬೆನ್ನು ಮಾಡಿ ನಿಂತು ಬಾಗಿಲ ಚೌಕಟ್ಟಿನ ಮೇಲೆ ಮೆಲ್ಲಗೆ ಕೈ ಆಡಿಸುತ್ತಿದ್ದರು. ನಗು ಎಲ್ಲೋ ನಿಂತುಹೋಗಿತ್ತು. ಮಾತು ಮುಗಿದ ಮೇಲೆ ತಿರುಗಿ, ಏನೂ ಆಗದವರ ಹಾಗೆ ಮುಂದಿನ ಮಾತು ತಾವೇ ಹೇಳಿ ನಾಟಕವನ್ನು ದಡ ಸೇರಿಸಿದರು.

ಪರದೆ ಬಿದ್ದ ಮೇಲೆ ಪ್ರಭಾಕರಣ್ಣ ಎಲ್ಲರೆದುರೇ ಹೇಳಿದರು, ವಾರಿಜಕ್ಕನಿಗೆ ವಯಸ್ಸಾಯಿತು, ಮಾತು ನೆನಪಿನಲ್ಲಿ ನಿಲ್ಲುತ್ತಿಲ್ಲ, ಸ್ಪರ್ಧೆಗೆ ಏನು ಕಥೆ ಎಂದು. ಅವರು ಹೌದು ಎಂದು ತಲೆಯಾಡಿಸಿ ಬಣ್ಣ ಒರೆಸಿಕೊಂಡರು. ನಾನು ಹಿಂದಿನ ಮೆಟ್ಟಿಲು ಇಳಿದೆ. ಕೆಳಗೆ, ಚಪ್ಪಲಿ ಬಿಡುವ ಜಾಗದಲ್ಲಿ ಅವ್ವ ನಿಂತಿದ್ದಳು.

ಮದುವೆಗೆ ಉಡುವ ಇಳಕಲ್ ಸೀರೆ, ಕೈಯಲ್ಲಿ ಕೊತ್ತಂಬರಿಯ ಚೀಲ. ನಾನು ಕರೆದಿರಲಿಲ್ಲ. ಎಡವಿದರೆ ಅವ್ವನ ಎದುರು ಎಡವಬಾರದು ಎಂದು ನಾಟಕದ ಸುದ್ದಿಯನ್ನೇ ಎತ್ತಿರಲಿಲ್ಲ. ಇಲ್ಲಿಗೆ ಹೇಗೆ ಬಂದೆ ಎಂದು ಕೇಳಿದೆ.

"ಬೆಳಕ ಹರಿಯೂದಕ್ಕ ಒಬ್ಬಾಕಿ ಮಾರ್ಕೆಟ್ಟಿಗೆ ಬಂದಿದ್ಲವಾ. ಮಳ್ಯಾಗ ತೊಯ್ದು ತೊಪ್ಪಿ ಆಗಿದ್ಲು. ರೇಣುಕಾನ ಅವ್ವ ಯಾರು, ರೇಣುಕಾನ ಅವ್ವ ಯಾರು ಅಂತ ಎಲ್ಲಾ ಅಂಗಡ್ಯಾಗೂ ಕೇಳ್ಕೋತ ಬಂದ್ಲು. ಇವತ್ತ ನಿನ್ನ ಮಗಳದ ಆಟ ಐತಿ, ಇಲ್ಲೇ ಹತ್ರ, ತಪ್ಪಸಬ್ಯಾಡ ಅಂದ್ಲು. ನೀಲಿ ಸೀರಿ ಉಟ್ಟಿದ್ಲು. ಆಕೀನ ಮುದುಕಿ ಆಗಿದ್ಲಲ್ಲ ಮ್ಯಾಲ?"

ಮೊಣಕಾಲೆತ್ತರದ ಕೆಸರು ಬೈಕುಲ್ಲಾ ಮಾರ್ಕೆಟ್ಟಿನ ಕೆಸರು. ಆ ತಗಡಿನ ಹಾಲ್‌ನ ದಿನವನ್ನೇ ಜ್ವರಕ್ಕೆ ಆರಿಸಿಕೊಂಡದ್ದು, ಕಾಲು ನೋವಿನ ಅವ್ವ ನಡೆದು ಬರಬಹುದಾದ ಹಾಲ್ ಅದೊಂದೇ ಎಂದು. ಅವ್ವ ಎರಡು ತಾಸು ಎರಡನೆಯ ಸಾಲಿನಲ್ಲಿ ಕೂತು, ಮಗಳು ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ಕಾದಿದ್ದಳು. ನಾನು ಅಳಲು ಶುರು ಮಾಡಿದೆ. ನಾನು ಬರಲೇ ಇಲ್ಲವಲ್ಲ ಅವ್ವಾ ಎಂದೆ.

"ಬರಲಿಲ್ಲ ಅಂತ ಯಾರಂದ್ರು? ಬಾಗಲದ ಹತ್ರ ಆಕಿ ನಿಂತಾಗ ಮಾತು ನೀನ ಆಡಿದ್ದಿ. ಆಕಿ ನನ್ನ ನೋಡಿದ್ಲು, ಆಮ್ಯಾಲ ತಿರಗಿ ನಿಂತ್ಲು. ಹೆತ್ತಾಕಿ ನಾನು, ನಿನ್ನ ದನಿ ನನಗ ತಿಳಿಯಂಗಿಲ್ಲೇನು?"

ಸ್ಟೇಷನ್ನಿನಲ್ಲಿ ಅವ್ವನನ್ನು ಬೆಂಚಿನ ಮೇಲೆ ಕೂರಿಸಿ, ಅಲ್ಲೇ ಲೋಕಲ್‌ಗೆ ಕಾಯುತ್ತಿದ್ದ ಸಂಜೀವ ಮಾಸ್ತರ್ ಹತ್ತಿರ ಹೋದೆ. ಅವರಿಗೆ ಸಿಟ್ಟು ಇಳಿದಿರಲಿಲ್ಲ, ಆದರೂ ಹೇಳಿದರು. ಮಿಲ್ಲಿನಲ್ಲಿ ಅವರೂ ಬದಲಿಯಾಗಿಯೇ ಇದ್ದವರು. ದಿನಾ ಗೇಟಿನಲ್ಲಿ ನಿಲ್ಲಬೇಕು, ಕಾಯಂ ಕೆಲಸಗಾರ ಯಾರಾದರೂ ಬಾರದಿದ್ದರೆ ಒಳಗೆ, ಎಲ್ಲರೂ ಬಂದರೆ ಮನೆಗೆ. ಅವರ ಮಗ್ಗದ ಕಾಯಂ ಕೆಲಸಗಾರನಿಗೆ ಎರಡು ತಿಂಗಳಿಗೊಮ್ಮೆ ಜ್ವರ ಬರುತ್ತಿತ್ತಂತೆ. ಅದು ಯಾವ ಜ್ವರ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ನಾಟಕದ ತಂಡ ಕಟ್ಟಿದಾಗ ಆ ಜ್ವರವನ್ನೂ ಜೊತೆಗೆ ತಂದರು. ಪ್ರತಿ ನಾಟಕದಲ್ಲಿ ಒಂದು ಪ್ರಯೋಗಕ್ಕೆ ಮುಖ್ಯ ಪಾತ್ರದವರಿಗೆ ಜ್ವರ. ಪ್ರಭಾಕರಣ್ಣ ಹೊಸಬರು, ಅವರಿಗೆ ತಿಳಿಯದು. ತಿಳಿದವರು ಬಾಯಿ ಬಿಡುವುದಿಲ್ಲ.

ಬಾಯಿ ಬಿಟ್ಟು ಹೇಳಿದ್ದರೆ ಏನಾಗುತ್ತಿತ್ತು ಮಾಸ್ತರ್ ಎಂದೆ.

"ಹೇಳಿದ್ರೆ ಅದು ಉಪಕಾರ ಆಗ್ತದೆ. ತಗೊಂಡವರು ಜನ್ಮ ಇಡೀ ತಲೆ ತಗ್ಗಿಸಬೇಕು. ಜ್ವರಕ್ಕೆ ಯಾರೂ ತಲೆ ತಗ್ಗಿಸೋದು ಬೇಡ."

ಮರುದಿನ ವಾರಿಜಕ್ಕನ ಮನೆಗೆ ಹೋದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋದದ್ದು ಬಾಗಿಲಲ್ಲೇ ಮರೆತುಹೋಯಿತು. ಅವರು ಒಳಗೆ ಕರೆದು ನೀರುದೋಸೆ ಬಡಿಸಿದರು. ಹಿಂದಿನ ದಿನದ ಸುದ್ದಿ ಎತ್ತಲೇ ಇಲ್ಲ. ನಾನು ಕ್ಷಮಿಸಿ ಎನ್ನಲು ಬಾಯಿ ತೆರೆದಾಗ ಮಾತ್ರ ತಡೆದರು. "ಅಷ್ಟು ರಕ್ತ ಎಳೆದಿದ್ದೀಯಲ್ಲ, ಶುಗರ್ ಎಷ್ಟುಂಟು ಅಂತ ಆದ್ರೂ ನೋಡಿದೆಯಾ?" ನೋಡಿರಲಿಲ್ಲ. ಅವರು ನಕ್ಕರು, ನಾನು ದೋಸೆಯ ಮೇಲೆಯೇ ಕಣ್ಣೀರು ಹಾಕಿದೆ. ಸ್ಪರ್ಧೆಯಲ್ಲಿ ಅವರೇ ಆಡಿದರು, ಒಂದು ಅಕ್ಷರ ತಪ್ಪಲಿಲ್ಲ. ಮಾತು ಮರೆಯುವವರು ಎಂಬ ಹೆಸರು ಮಾತ್ರ ತಂಡದಲ್ಲಿ ಉಳಿದುಕೊಂಡಿತು. ಅದನ್ನು ಅವರು ಎಂದೂ ತೊಳೆದುಕೊಳ್ಳಲು ಹೋಗಲಿಲ್ಲ.

ಈಗ ಮುಖ್ಯ ಪಾತ್ರ ನನ್ನದು. ನನ್ನ ಬದಲಿ ಪ್ರಜ್ಞಾ, ಇಪ್ಪತ್ಮೂರರ ಹುಡುಗಿ, ಕನ್ನಡದ ಮಾತನ್ನು ಹಿಂದಿ ಅಕ್ಷರದಲ್ಲಿ ಬರೆದುಕೊಂಡು ಕಲಿಯುತ್ತಾಳೆ. ಎರಡು ವರ್ಷದಿಂದ ನನ್ನ ಹಿಂದೆ ಸ್ಕ್ರಿಪ್ಟ್ ಹಿಡಿದು ನಿಂತಿದ್ದಾಳೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಈ ಎರಡು ವರ್ಷದಲ್ಲಿ ನನಗೆ ಒಂದು ಸಲವೂ ಜ್ವರ ಬರಲಿಲ್ಲ. ಎಲ್ಲ ಗೊತ್ತಿದ್ದೂ ಬರಲಿಲ್ಲ. ಕನ್ನಡಿಯ ಮುಂದೆ ಅವಳು ನನ್ನ ನಡಿಗೆ ನಡೆಯುತ್ತಿದ್ದದ್ದನ್ನು ಕಂಡ ದಿನದಿಂದ, ನನಗಿಂತ ಚೆನ್ನಾಗಿ ಮಾಡಿದರೆ ಎಂಬ ಹುಳ ಕೊರೆಯುತ್ತಿತ್ತು. ಕೊನೆಗೆ ಇವತ್ತು ಬಂತು. ಬೆಳಕು ಹರಿಯುವ ಮೊದಲು ಎದ್ದು ಪರೇಲಿಗೆ ಹೋದೆ. ಅಲ್ಲಿ ಒಂದು ಆಫೀಸಿನ ಗೇಟಿನಲ್ಲಿ ಪ್ರಜ್ಞಾಳ ಅಪ್ಪ ಪಹರೆಗೆ ನಿಲ್ಲುತ್ತಾರೆ. ಇವತ್ತು ನಾಲ್ಕು ಗಂಟೆಗೆ ನಿಮ್ಮ ಮಗಳ ನಾಟಕ ಎಂದು ಹೇಳಿ, ಮಳೆಯಲ್ಲಿ ನೆನೆದು ಮನೆಗೆ ಬಂದು, ಮುಲಾಮು ಹಚ್ಚಿಕೊಂಡು ಗ್ರೂಪಿಗೆ ಮೆಸೇಜು ಹಾಕಿದೆ.

ಇದನ್ನು ಬರೆಯುತ್ತಿದ್ದಾಗ ಬೆಲ್ ಆಯಿತು. ಬಾಗಿಲ ಆಚೆಯಿಂದ ಪ್ರಜ್ಞಾಳ ದನಿ ಕೇಳಿತು. "ದೀದಿ, ಸಚ್ಚಿ ಜ್ವರ ಇದೆಯಾ? ಶುಕ್ರವಾರದ ತನಕ ತೋ ಠೀಕ್ ಇದ್ರಿ." ಆ ದನಿಯಲ್ಲಿ ಕಾಳಜಿ ಎಷ್ಟು, ಸಂಶಯ ಎಷ್ಟು ಎಂದು ನನಗಿಂತ ಚೆನ್ನಾಗಿ ತಿಳಿದವರಿಲ್ಲ. ಗಡಬಡಿಸಿ ಹೊದ್ದು ಮಲಗುವಾಗ ನೆನಪಾಯಿತು, ನನ್ನ ಒದ್ದೆ ಸೀರೆ ಮನೆಯ ಹೊರಕೋಣೆಯ ಹಗ್ಗದ ಮೇಲೆಯೇ ಇತ್ತು.

ಏಳಲು ನೋಡಿದೆ. ಅಷ್ಟರಲ್ಲಿ ಅವ್ವ ಅಡಿಗೆಮನೆಯಿಂದ ನೋಯುವ ಕಾಲು ಎಳೆಯುತ್ತ ಬಂದಳು. ಯಾರೂ ಹೇಳಲಿಲ್ಲ. ಹಗ್ಗದಿಂದ ಸೀರೆ ಎಳೆದು, ಉಂಡೆ ಮಾಡಿ, ಬಚ್ಚಲಿನ ಬಕೆಟ್ಟಿಗೆ ತುರುಕಿ ಮೇಲೊಂದು ತಾಟು ಮುಚ್ಚಿದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, ಬಾಗಿಲನ್ನು ಒಂದು ಗೇಣು ಮಾತ್ರ ತೆರೆದು ಅಡ್ಡ ನಿಂತಳು.

"ಜ್ವರ ಭಾಳ ಐತಿ ಆಕೀಗೆ. ಒಳಗ ಬರಬ್ಯಾಡ, ನಿನಗೂ ಹತ್ತತೈತಿ. ಹೊತ್ತಾತು, ನೀ ಆಟಕ್ಕ ನಡಿ."